ಅಕ್ಕಾ, ನರ್ಸ್ ಆದವರು ಔಷಧಿ ಬರೆಯಬಹುದಾ?

ವಾರಕ್ಕೆ ಒಂದಾದರೂ ವಾಯ್ಸ್ ಮೆಸೇಜ್ ಬರುತ್ತದೆ. ಮಂಗಳೂರಿನಿಂದ, ಹಾಸನದಿಂದ, ಬೆಂಗಳೂರಿನ ಯಾವುದೋ ಐಸಿಯುನಲ್ಲಿ ನೈಟ್ ಡ್ಯೂಟಿ ಮುಗಿಸಿ ಪಿಜಿಗೆ ನಡೆದು ಹೋಗುತ್ತಿರುವ ಹುಡುಗಿಯಿಂದ. ಹಿಂದೆ ಬಸ್ಸಿನ ಹಾರ್ನ್ ಕೇಳಿಸುತ್ತಿರುತ್ತದೆ. "ಅಕ್ಕಾ, ನೀವು ಇಂಗ್ಲೆಂಡಲ್ಲಿ ಡಾಕ್ಟರ ಥರಾನೇ ಪ್ರಿಸ್ಕ್ರಿಪ್ಷನ್ ಬರೀತೀರಂತೆ, ಹೌದಾ? ನಾನೂ ಎಂಎಸ್ಸಿ ಮಾಡಿದ್ರೆ ಬರೀಬಹುದಾ?"

ಹೌದು, ಬರೆಯುತ್ತೇನೆ. ಆದರೆ ಎಂಎಸ್ಸಿ ಮಾಡಿದ್ದಕ್ಕೆ ಬರೆಯುತ್ತಿಲ್ಲ. ಇಷ್ಟನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಇದು ಗೊತ್ತಿಲ್ಲದೆ ಲಕ್ಷಗಟ್ಟಲೆ ಕಳೆದುಕೊಂಡವರನ್ನು ನೋಡಿದ್ದೇನೆ. ಔಷಧಿ ಬರೆಯುವ ಹಕ್ಕು ಕೊಡುವುದು ಆ ದೇಶದ ಕಾನೂನು. ಕೋರ್ಸು ಆ ಹಕ್ಕಿಗೆ ನಿಮ್ಮನ್ನು ತಯಾರು ಮಾಡುತ್ತದೆ, ಅಷ್ಟೇ.

ನಾನಿರುವುದು ಒಂದು ಜಿಪಿ, ಅಂದರೆ ಕುಟುಂಬ ವೈದ್ಯರ, ಕ್ಲಿನಿಕ್ಕಿನಲ್ಲಿ. ರೋಗಿ ಒಳಗೆ ಬರುತ್ತಾರೆ, ಏನಾಗಿದೆ ಎಂದು ಕೇಳುತ್ತೇನೆ, ಪರೀಕ್ಷೆ ಮಾಡುತ್ತೇನೆ, ಬೇಕಾದರೆ ರಕ್ತ ಪರೀಕ್ಷೆಗೆ ಬರೆಯುತ್ತೇನೆ, ಕಾಯಿಲೆ ಏನೆಂದು ತೀರ್ಮಾನಿಸುತ್ತೇನೆ, ಔಷಧಿ ಕೊಡುತ್ತೇನೆ. ನನ್ನ ಕೈಮೀರಿದ್ದಾದರೆ ಪಕ್ಕದ ಕೋಣೆಯ ಡಾಕ್ಟರ ಬಾಗಿಲು ತಟ್ಟುತ್ತೇನೆ. ಈ ಕೆಲಸಕ್ಕೆ ಇಲ್ಲಿ ಅಡ್ವಾನ್ಸ್ಡ್ ಪ್ರಾಕ್ಟೀಸ್ ಎನ್ನುತ್ತಾರೆ.

ಇದು ಒಂದೇ ದಿನದಲ್ಲಿ ಬಂದದ್ದಲ್ಲ. ಅಮೆರಿಕದಲ್ಲಿ ಲೊರೆಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರು 1965ರಲ್ಲೇ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಮೊದಲ ನರ್ಸ್ ಪ್ರಾಕ್ಟೀಷನರ್ ತರಬೇತಿ ಶುರು ಮಾಡಿದ್ದರು. ಬ್ರಿಟನ್ನಿನಲ್ಲಿ ನರ್ಸ್ ಔಷಧಿ ಬರೆಯುವ ಮಾತು ಎದ್ದದ್ದು 1986ರಲ್ಲಿ, ಸಮುದಾಯ ನರ್ಸಿಂಗ್ ಬಗ್ಗೆ ಜೂಲಿಯಾ ಕಂಬರ್ಲೆಜ್ ನೇತೃತ್ವದಲ್ಲಿ ಬಂದ ವರದಿಯಿಂದ. ಮನೆಮನೆಗೆ ಹೋಗಿ ಹುಣ್ಣಿಗೆ ಡ್ರೆಸಿಂಗ್ ಮಾಡುವ ನರ್ಸು, ಯಾವ ಡ್ರೆಸಿಂಗ್ ಬೇಕೆಂದು ತನಗೆ ಗೊತ್ತಿದ್ದರೂ, ಒಂದು ಸಹಿಗಾಗಿ ಡಾಕ್ಟರ ಬಾಗಿಲಲ್ಲಿ ಕಾಯಬೇಕಿತ್ತು. ನಮ್ಮ ವಾರ್ಡುಗಳಲ್ಲಿ ಕೆಲಸ ಮಾಡಿದ ಯಾರಿಗೆ ಈ ಕಾಯುವಿಕೆ ಗೊತ್ತಿಲ್ಲ? 1992ರಲ್ಲಿ ಕಾನೂನು ಬಂತು, ಅದೂ ಒಂದು ಪುಟ್ಟ ಪಟ್ಟಿಯ ಔಷಧಿಗಳಿಗೆ ಮಾತ್ರ. 2006ರಲ್ಲಿ ಹೆಚ್ಚುಕಡಿಮೆ ಎಲ್ಲ ಔಷಧಿಗಳಿಗೂ ಬಾಗಿಲು ತೆರೆಯಿತು, 2012ರಲ್ಲಿ ಮಾರ್ಫಿನ್‌ನಂಥ ಕಟ್ಟುನಿಟ್ಟಿನ ಔಷಧಿಗಳಿಗೂ. ಒಂದು ಸಹಿಯ ಹಿಂದೆ ಇಪ್ಪತ್ತಾರು ವರ್ಷ.

ಈಗ ಓದಿನ ವಿಷಯ. ಇಲ್ಲಿ ಎರಡು ಓದುಗಳಿವೆ, ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಅಡ್ವಾನ್ಸ್ಡ್ ಕ್ಲಿನಿಕಲ್ ಪ್ರಾಕ್ಟೀಸ್ ಎಂಎಸ್ಸಿ ಸಾಮಾನ್ಯವಾಗಿ ಮೂರು ವರ್ಷದ್ದು, ಕೆಲಸ ಮಾಡುತ್ತಲೇ ಓದುವಂಥದ್ದು. ಎದೆಗೆ ಸ್ಟೆತಾಸ್ಕೋಪ್ ಇಟ್ಟು ಏನು ಕೇಳಬೇಕು, ಹೊಟ್ಟೆ ಮುಟ್ಟಿದಾಗ ಕೈಗೆ ಏನು ಗೊತ್ತಾಗಬೇಕು ಎಂಬುದೆಲ್ಲ ಅದರಲ್ಲಿ ಬರುತ್ತದೆ. ಔಷಧಿ ಬರೆಯುವ ಅರ್ಹತೆಗೆ ಬೇರೆಯದೇ ಕೋರ್ಸ್ ಇದೆ, ಅದಕ್ಕೆ ಎಲ್ಲರೂ ಕರೆಯುವುದು ವಿ300 ಎಂದು. ಎಷ್ಟೋ ಕಡೆ ಅದು ಎಂಎಸ್ಸಿಯ ಒಂದು ಭಾಗವಾಗಿಯೇ ಇರುತ್ತದೆ. ಆದರೆ ಅದು ಪಾಸಾಗಿ, ಇಲ್ಲಿಯ ನರ್ಸಿಂಗ್ ಕೌನ್ಸಿಲ್ಲಿನ ರಿಜಿಸ್ಟರಿನಲ್ಲಿ ನಿಮ್ಮ ಹೆಸರಿನ ಮುಂದೆ ದಾಖಲಾಗುವವರೆಗೆ, ಒಂದು ಪ್ಯಾರಸಿಟಮಾಲ್ ಕೂಡ ಬರೆಯುವ ಹಾಗಿಲ್ಲ.

ಔಷಧಶಾಸ್ತ್ರದ ಪರೀಕ್ಷೆಯಲ್ಲಿ 80 ಬಂದರೆ ಪಾಸು. ಲೆಕ್ಕದ ಪರೀಕ್ಷೆಯಲ್ಲಿ 100ಕ್ಕೆ 100 ಬರಲೇಬೇಕು, 95 ಬಂದರೂ ಫೇಲು. ಮಗುವಿನ ತೂಕ 18 ಕೆಜಿ, ಕೆಜಿಗೆ 15 ಮಿಲಿಗ್ರಾಂ ಕೊಡಬೇಕು, ಸಿರಪ್ಪಿನ 5 ಎಂಎಲ್‌ನಲ್ಲಿ 120 ಮಿಲಿಗ್ರಾಂ ಇದೆ, ಎಷ್ಟು ಎಂಎಲ್? 11.25. ಇಂಥವು. ಡ್ರಿಪ್ಪಿನ ಹನಿ ಎಣಿಸಿ ಬೆಳೆದ ನಮ್ಮ ಕಡೆಯ ನರ್ಸುಗಳಿಗೆ ಇದು ಕಷ್ಟವಲ್ಲ. ಆದರೂ ನಾನು ಪ್ರತಿಯೊಂದು ಉತ್ತರವನ್ನೂ ಮೂರು ಸಲ ನೋಡಿದೆ. ನೂರಕ್ಕೆ ನೂರು ಎಂಬ ನಿಯಮ ನನಗೆ ಸರಿ ಎನಿಸುತ್ತದೆ. ದಶಾಂಶದ ಚುಕ್ಕಿ ಒಂದು ಮನೆ ಆಚೆ ಹೋದರೆ ಮಗುವಿಗೆ ಹತ್ತು ಪಟ್ಟು ಹೋಗುತ್ತದೆ.

ಪರೀಕ್ಷೆಗಿಂತ ಹೆಚ್ಚು ಕಲಿತದ್ದು ಸುಪರ್‌ವೈಸರ್ ಪಕ್ಕದಲ್ಲಿ ಕೂತು. ಬಹುತೇಕ ಕಡೆ ಇದು 90 ಗಂಟೆ ಇರುತ್ತದೆ. ನನಗೆ ಸಿಕ್ಕವರು ಒಬ್ಬ ಹಿರಿಯ ಡಾಕ್ಟರು, ಮಾತು ಕಡಿಮೆ. ಎರಡನೇ ವಾರ ಎಪ್ಪತ್ತೆಂಟು ವರ್ಷದ ಅಜ್ಜಿಯೊಬ್ಬರು ಬಂದರು. ಮೊಣಕಾಲು ನೋವು, ಮೆಟ್ಟಿಲು ಹತ್ತಲಾಗುತ್ತಿಲ್ಲ, ಇನ್ನೂ ಜೋರಿನ ನೋವಿನ ಮಾತ್ರೆ ಬೇಕು. ಬಿಪಿಗೆ ರಾಮಿಪ್ರಿಲ್, ಕಾಲಿನ ಊತಕ್ಕೆ ಮೂತ್ರ ಹೋಗುವ ಮಾತ್ರೆ, ಎರಡೂ ನಡೆಯುತ್ತಿದ್ದವು. ನಾನು ಮೊಣಕಾಲು ಮಡಿಸಿ ನೋಡಿದೆ, ಸವೆತದ ಕಟಕಟ ಶಬ್ದ ಅಂಗೈಗೆ ತಾಕಿತು. ಯಾವ ಮಾತ್ರೆ, ಎಷ್ಟು, ಎಷ್ಟು ದಿನ ಎಂದು ಮನಸ್ಸಿನಲ್ಲೇ ಬರೆದು ಮುಗಿಸಿದ್ದೆ. ಡಾಕ್ಟರು ಕೇಳಿದ್ದು ಒಂದೇ: "ಅವರ ಕೈಚೀಲ ನೋಡಿದೆಯಾ?"

ಅಜ್ಜಿ ಚೀಲ ತೆರೆದರು. ಕನ್ನಡಕದ ಡಬ್ಬಿ, ಪುದೀನ ಗುಳಿಗೆ, ಮೊಮ್ಮಗನ ಫೋಟೊ, ಅದರಡಿ ಸೂಪರ್‌ಮಾರ್ಕೆಟ್ಟಿನ ನೋವಿನ ಮಾತ್ರೆ ಐಬುಪ್ರೊಫೆನ್, ಎರಡು ಪೊಟ್ಟಣ, ಒಂದು ಖಾಲಿ. ಇಲ್ಲಿ ಅದು ಹಾಲು ಬ್ರೆಡ್ಡಿನ ಜೊತೆ ಬಿಲ್ಲಿಗೆ ಹೋಗುವ ವಸ್ತು. ಅಜ್ಜಿಯ ಲೆಕ್ಕದಲ್ಲಿ ಅದು ಔಷಧಿಯೇ ಅಲ್ಲ, ಅದಕ್ಕೇ ಹೇಳಿರಲಿಲ್ಲ. ರಾಮಿಪ್ರಿಲ್, ಮೂತ್ರದ ಮಾತ್ರೆ, ಐಬುಪ್ರೊಫೆನ್, ಈ ಮೂರೂ ಸೇರಿದರೆ ಕಿಡ್ನಿಗೆ ಮೂರು ಕಡೆಯಿಂದ ಏಟು. ರಕ್ತ ಪರೀಕ್ಷೆಯಲ್ಲಿ ಕಿಡ್ನಿಯ ಕೆಲಸ ಹಿಂದಿನ ಸಲಕ್ಕಿಂತ ಕುಸಿದಿತ್ತು. ನಾನು ಮನಸ್ಸಿನಲ್ಲಿ ಬರೆದಿದ್ದ ಮಾತ್ರೆಯೂ ಅದೇ ಐಬುಪ್ರೊಫೆನ್ ಜಾತಿಯದು.

ಅವತ್ತು ನಾನು ಏನೂ ಬರೆಯಲಿಲ್ಲ. ಐಬುಪ್ರೊಫೆನ್ ನಿಲ್ಲಿಸಿ ಎಂದು ಅರ್ಥವಾಗುವ ಹಾಗೆ ಕೂತು ಹೇಳಿದೆ, ಪ್ಯಾರಸಿಟಮಾಲ್ ಹೇಗೆ ತೆಗೆದುಕೊಳ್ಳಬೇಕೆಂದು ತೋರಿಸಿದೆ, ಮೊಣಕಾಲಿನ ವ್ಯಾಯಾಮಕ್ಕೆ ಕಳಿಸಿದೆ, ಎರಡು ವಾರಕ್ಕೆ ಮತ್ತೆ ರಕ್ತ ಪರೀಕ್ಷೆ. ನನ್ನ ಲಾಗ್‌ಬುಕ್ಕಿನಲ್ಲಿ ನಾನು ಹೆಮ್ಮೆಯಿಂದ ಬರೆದ ಮೊದಲ ಕೇಸ್ ಇದು. ಔಷಧಿ ಬರೆಯುವ ಕೋರ್ಸಿನಲ್ಲಿ ಎಲ್ಲಿ ಬರೆಯಬಾರದು ಎಂಬುದೇ ಹೆಚ್ಚಿನ ಪಾಲು ಎಂದು ನನಗೆ ಯಾರೂ ಮೊದಲು ಹೇಳಿರಲಿಲ್ಲ.

ಇನ್ನು ದುಡ್ಡಿನ ವಿಷಯ. ಊರಿನಲ್ಲಿ ಏಜೆಂಟರು "ಅಡ್ವಾನ್ಸ್ಡ್ ನರ್ಸಿಂಗ್ ಎಂಎಸ್ಸಿ, ಯುಕೆ, ಒಂದೇ ವರ್ಷ" ಎಂದು ಸೀಟು ಮಾರುತ್ತಿದ್ದಾರೆ. ನನ್ನ ಜೂನಿಯರ್ ಒಬ್ಬಳು ಅಪ್ಪನ ಅಡಿಕೆ ತೋಟದ ಮೇಲೆ ಸಾಲ ಎತ್ತಿ ಬಂದಳು. ಬಂದ ಮೇಲೆ ತಿಳಿಯಿತು, ಆ ಕೋರ್ಸಿನಲ್ಲಿ ಒಂದು ದಿನವೂ ಆಸ್ಪತ್ರೆ ಇಲ್ಲ, ಅದು ಮುಗಿದರೂ ಇಲ್ಲಿ ನರ್ಸ್ ಎಂದು ರಿಜಿಸ್ಟ್ರೇಷನ್ ಸಿಗುವುದಿಲ್ಲ, ಔಷಧಿ ಬರೆಯುವುದು ದೂರದ ಮಾತು. ಓದಿ ಮುಗಿಸಿ, ಕೇರ್ ಹೋಮ್‌ನಲ್ಲಿ ಸಹಾಯಕಿಯಾಗಿ ದುಡಿಯುತ್ತ, ಉಳಿದ ಪರೀಕ್ಷೆಗಳನ್ನು ಹೊಸದಾಗಿ ಕಟ್ಟಿದಳು. ಅವಳು ಫೋನಿನಲ್ಲಿ ಅತ್ತದ್ದು ನೆನಪಾದರೆ ಈಗಲೂ ಸಿಟ್ಟು ಬರುತ್ತದೆ.

ಸರಿಯಾದ ದಾರಿ ಉದ್ದ. ಮೊದಲು ಐಇಎಲ್‌ಟಿಎಸ್ ಅಥವಾ ಒಇಟಿ ಎಂಬ ಇಂಗ್ಲಿಷ್ ಪರೀಕ್ಷೆ, ಆಮೇಲೆ ಕಂಪ್ಯೂಟರ್ ಪರೀಕ್ಷೆ, ಆಮೇಲೆ ಇಲ್ಲಿಗೆ ಬಂದು ಆಸ್ಕಿ ಎನ್ನುವ ಪ್ರಾಯೋಗಿಕ ಪರೀಕ್ಷೆ, ಆಗ ರಿಜಿಸ್ಟ್ರೇಷನ್. ವಿ300ಕ್ಕೆ ರಿಜಿಸ್ಟ್ರೇಷನ್ ಆಗಿ ಕನಿಷ್ಠ ಒಂದು ವರ್ಷ ಆಗಿರಬೇಕು. ಅದಕ್ಕಿಂತ ಮುಖ್ಯವಾಗಿ, ನಿಮ್ಮನ್ನು ಕೆಲಸಕ್ಕಿಟ್ಟುಕೊಂಡ ಸಂಸ್ಥೆ ಒಪ್ಪಬೇಕು, ಪಕ್ಕ ಕೂರಿಸಿಕೊಂಡು ಕಲಿಸಲು ಔಷಧಿ ಬರೆಯುವ ಅರ್ಹತೆ ಇರುವ ಒಬ್ಬರು ಒಪ್ಪಬೇಕು. ಈ ಇಬ್ಬರಿಲ್ಲದೆ ಬರೀ ಫೀಸು ಕಟ್ಟಿ ಸೇರಲಾಗುವುದಿಲ್ಲ. ಏಜೆಂಟ್ ಏನೇ ಹೇಳಲಿ, ಎರಡೇ ಪ್ರಶ್ನೆ ಕೇಳಿ: ಈ ಕೋರ್ಸು ಮುಗಿದರೆ ನನ್ನ ಹೆಸರು ಯಾವ ರಿಜಿಸ್ಟರಿಗೆ ಹೋಗುತ್ತದೆ? ನನ್ನ ಸುಪರ್‌ವೈಸರ್ ಯಾರು? ಬರವಣಿಗೆಯಲ್ಲಿ ಉತ್ತರ ಕೊಡದಿದ್ದರೆ ಎದ್ದು ಬನ್ನಿ.

"ಹಾಗಾದ್ರೆ ಊರಲ್ಲೇ ಮಾಡಿದ್ರೆ?" ಎಂಬುದು ಮುಂದಿನ ಮೆಸೇಜ್. ನಮ್ಮ ಎಂಎಸ್ಸಿ ನರ್ಸಿಂಗ್ ಒಳ್ಳೆಯ ಟ್ಯೂಟರುಗಳನ್ನು ತಯಾರು ಮಾಡುತ್ತದೆ, ಔಷಧಿ ಬರೆಯುವ ಹಕ್ಕು ಕೊಡುವುದಿಲ್ಲ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ನರ್ಸ್ ಪ್ರಾಕ್ಟೀಷನರ್ ಇನ್ ಕ್ರಿಟಿಕಲ್ ಕೇರ್ ಎಂಬ ಎರಡು ವರ್ಷದ ರೆಸಿಡೆನ್ಸಿ ಕೋರ್ಸ್ ತಂದಿದೆ, ಬಿಎಸ್ಸಿ ಆಗಿ ಕೆಲಸದ ಅನುಭವ ಇರುವವರಿಗೆ. ಹೆಚ್ಚಿನ ಸಮಯ ಐಸಿಯುನಲ್ಲೇ, ಓದು ರೋಗಿಯ ಪಕ್ಕದಲ್ಲೇ. ಹೆರಿಗೆಯ ಕಡೆ ಒಲವಿದ್ದರೆ 18 ತಿಂಗಳ ಮಿಡ್‌ವೈಫರಿ ಪ್ರಾಕ್ಟೀಷನರ್ ತರಬೇತಿ ಇದೆ. ಹಳ್ಳಿಯ ಆರೋಗ್ಯ ಕೇಂದ್ರಗಳಲ್ಲಿ ಸಮುದಾಯ ಆರೋಗ್ಯಾಧಿಕಾರಿಗಳಾಗಿರುವ ನಮ್ಮ ನರ್ಸುಗಳು, ಡಾಕ್ಟರು ಶುರು ಮಾಡಿದ ಬಿಪಿ ಶುಗರ್ ಮಾತ್ರೆಗಳನ್ನು ತಿಂಗಳು ತಿಂಗಳು ನೋಡಿ ಮುಂದುವರಿಸುತ್ತಿದ್ದಾರೆ. ಇದೆಲ್ಲ ಪ್ರೋಟೋಕಾಲಿನ ಒಳಗೆ. ಸ್ವಂತ ಸಹಿಯ ಮಾತು ಬಂದರೆ, ಚೀಟಿ ಇಲ್ಲದೆ ಮಾರಬಾರದ ಶೆಡ್ಯೂಲ್ ಎಚ್ ಪಟ್ಟಿಯ ಔಷಧಿಗೆ ಇವತ್ತಿಗೂ ಬೇಕಾದದ್ದು ನೋಂದಾಯಿತ ವೈದ್ಯರ ಚೀಟಿ. 2023ರಲ್ಲಿ ಹೊಸ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ಬಂದಿದೆ. ಕೆಲಸ ಮಾಡುವ ಕೈಗಳಿಗೆ ಅದರಿಂದ ಹಕ್ಕೂ ಸಿಗಲಿ ಎಂಬುದು ನನ್ನ ಆಸೆ. ಡಾಕ್ಟರು ವಾರಕ್ಕೆರಡು ದಿನ ಬರುವ ಊರಿನಲ್ಲಿ ಹುಟ್ಟಿದವಳು ನಾನು.

ಕಳೆದ ತಿಂಗಳು ಕೇಳಿದ ಹುಡುಗಿಗೆ ಒಂದು ಕೆಲಸ ಹೇಳಿದ್ದೆ. ಕೋರ್ಸು ಆಮೇಲೆ ನೋಡೋಣ, ದಿನಕ್ಕೊಂದು ಔಷಧಿ ಕೇಸ್ ಶೀಟಿನಿಂದ ಆರಿಸು, ಈ ರೋಗಿಗೆ ಇದು ಯಾಕೆ, ದೇಹದಿಂದ ಯಾವ ದಾರಿಯಲ್ಲಿ ಹೊರಗೆ ಹೋಗುತ್ತದೆ, ಯಾರಿಗೆ ಕೊಡಬಾರದು, ನಾಲ್ಕು ಸಾಲು ಬರೆದು ಕಳಿಸು ಎಂದು. ಮೊನ್ನೆ ಅಮಿಕಾಸಿನ್ ಬಗ್ಗೆ ಕಳಿಸಿದಳು, ಅದು ಕಿಡ್ನಿಯ ದಾರಿಯಲ್ಲಿ ಹೊರಗೆ ಹೋಗುವ ಆ್ಯಂಟಿಬಯೋಟಿಕ್. ರಕ್ತದಲ್ಲಿ ಕ್ರಿಯಾಟಿನಿನ್ ಏರಿದರೆ ಕಿಡ್ನಿಯ ಕೆಲಸ ಕುಸಿಯುತ್ತಿದೆ ಎಂದರ್ಥ. ಕೆಳಗೆ ಇನ್ನೊಂದು ಸಾಲಿತ್ತು: "ಅಕ್ಕಾ, ನಮ್ಮ ಆರನೇ ಬೆಡ್ಡಿನವರ ಕ್ರಿಯಾಟಿನಿನ್ 2.1 ಬಂದಿದೆ, ಡೋಸ್ ಹಳೇದೇ ಇದೆ. ಡಾಕ್ಟರಿಗೆ ಹೇಳ್ಲಾ?"

ಈಗಲೇ ಹೇಳು, ಆಮೇಲೆ ನನಗೆ ಮೆಸೇಜ್ ಮಾಡು ಎಂದೆ.