ಕಿಟಕಿಯಾಚೆಯ ಲೋಕಲ್

ಮುಂಬೈ ಹತ್ತಿರದ ಡೊಂಬಿವಿಲಿಯಲ್ಲಿ ನಮ್ಮ ಮನೆ ಹಳಿಯ ಪಕ್ಕದಲ್ಲೇ ಇದೆ. ಲೋಕಲ್ ರೈಲಿನ ಸದ್ದಿಗೆ ದಿನಾ ಬೈಯುತ್ತಿದ್ದೆ. 2020ರ ಮಾರ್ಚ್‌ನಲ್ಲಿ ಕೊರೊನಾದಿಂದಾಗಿ ಅದು ನಿಂತೇ ಹೋಯಿತು ನೋಡಿ, ಆ ಮೌನಕ್ಕೆ ನಿದ್ದೆಯೇ ಬರಲಿಲ್ಲ. ಜೂನ್ 15ಕ್ಕೆ ಅಗತ್ಯ ಸೇವೆಯವರಿಗೆ ಅಂತ ಮತ್ತೆ ಶುರುವಾದಾಗ ಅಮ್ಮ ಕಾವಲಿ ಮೇಲಿನ ದೋಸೆ ಬಿಟ್ಟು ಕಿಟಕಿಗೆ ಓಡಿ ಬಂದರು, ದೋಸೆ ಸೀದರೂ ಅವರಿಗೆ ಬೇಜಾರಿಲ್ಲ. ನಮ್ಮಂಥವರು ಹತ್ತಲು 2021ರ ಫೆಬ್ರವರಿ 1 ಬರಬೇಕಾಯಿತು, ಅದೂ ಜನ ಕಡಿಮೆ ಇರುವ ಹೊತ್ತಿಗೆ ಮಾತ್ರ.

ಇವತ್ತು ಲೇಡೀಸ್ ಡಬ್ಬಿಯಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದ ಮರಾಠಿ ಮಾವಶಿಯೊಬ್ಬರು (ಚಿಕ್ಕಮ್ಮನಂಥವರು) ಸ್ವಲ್ಪ ಸರಿದು 'ಬಸಾ', ಕೂತ್ಕೊಳ್ಳಿ ಅಂದರು. ಮೂವರ ಸೀಟಿನಲ್ಲಿ ನಾಲ್ಕನೆಯವಳಾಗಿ, ಭುಜಕ್ಕೆ ಭುಜ ತಾಗಿಸಿ ಕೂತೆ. ಒಂದು ಕಾಲದಲ್ಲಿ ಇದಕ್ಕೇ ಹೆದರಿದ್ದೆವು, ಅಲ್ವಾ? ಕುರ್ಲಾ ಬರುವವರೆಗೂ ಅವರ ಜೊತೆ ಸುಮ್ನೆ ಸೊಪ್ಪು ಬಿಡಿಸಿದೆ. ಕೈ ಇನ್ನೂ ಮೆಂತ್ಯದ ವಾಸನೆ.