ಹಪ್‌ಚೊನ್ ಸೀಮೆಯ ಹೇಯಿನ್‌ಸಾ: ಮರದ ಹಲಗೆಗಳಲ್ಲಿ ಉಳಿದ ಧರ್ಮ

ಕೊರಿಯಾದ ಬೌದ್ಧರಿಗೆ ತ್ರಿರತ್ನಗಳು ಬರೀ ಮಂತ್ರದ ಮಾತಲ್ಲ, ಒಂದೊಂದಕ್ಕೂ ಒಂದೊಂದು ಕ್ಷೇತ್ರವಿದೆ. ಬುದ್ಧನಿಗೆ ತೊಂಗ್‌ದೊಸಾ, ಸಂಘಕ್ಕೆ ಸೊಂಗ್‌ಗ್ವಾಂಗ್‌ಸಾ, ಧರ್ಮಕ್ಕೆ ಹೇಯಿನ್‌ಸಾ. ಧರ್ಮಕ್ಷೇತ್ರವಾದ ಹೇಯಿನ್‌ಸಾ ಇರುವುದು ದಕ್ಷಿಣ ಗ್ಯೊಂಗ್‌ಸಾಂಗ್ ಪ್ರಾಂತ್ಯದ ಹಪ್‌ಚೊನ್ ಎಂಬ ಹಳ್ಳಿಗಾಡಿನ ಜಿಲ್ಲೆಯಲ್ಲಿ. ಗದ್ದೆ, ಬೆಟ್ಟ, ಒಂದು ಹೊಳೆ, ಚದುರಿದ ಊರುಗಳು, ಊರುಗಳಲ್ಲಿ ಹೆಚ್ಚಾಗಿ ವಯಸ್ಸಾದವರು: ಇಷ್ಟೇ ಕಾಣುವ ಈ ಸೀಮೆ ಒಂದು ಇಡೀ ಧರ್ಮದ ಗ್ರಂಥರಾಶಿಯನ್ನು ಆರು ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ಕಾಪಾಡಿಕೊಂಡು ಬಂದಿದೆ.

ಹೊರಡುವ ಮುಂಚೆ ಜಿಲ್ಲೆಯ ನೆಲದ ಅಂದಾಜು ಇರಬೇಕು. ಉತ್ತರದ ತುದಿಯಲ್ಲಿ ಗಾಯಾಸಾನ್ ಬೆಟ್ಟ. ಅದರ ಚಿಲ್‌ಬುಲ್‌ಬೊಂಗ್ ಶಿಖರ 1,433 ಮೀಟರ್, ಸಾಂಗ್‌ವಾಂಗ್‌ಬೊಂಗ್ 1,430 ಮೀಟರ್. ನೈಋತ್ಯದಲ್ಲಿ ಹ್ವಾಂಗ್‌ಮೇಸಾನ್. ನಡುವೆ ಹ್ವಾಂಗ್‌ಗಾಂಗ್ ಹೊಳೆ ಪೂರ್ವಕ್ಕೆ ಹರಿದು ನಾಕ್‌ದೊಂಗ್ ನದಿಯನ್ನು ಸೇರುತ್ತದೆ. ಪೂರ್ವದಲ್ಲಿ ಚೊಗ್ಯೆ ಮತ್ತು ಜೊಕ್‌ಜುಂಗ್ ಊರುಗಳಿರುವ ಬಟ್ಟಲಿನಾಕಾರದ ಬಯಲು ಸುಮಾರು 50,000 ವರ್ಷಗಳ ಹಿಂದೆ ಉಲ್ಕೆ ಬಿದ್ದು ಆದದ್ದು ಎಂದು 2020ರಲ್ಲಿ ಖಚಿತವಾಯಿತು. ಅದರಾಚೆಯ ಒಕ್‌ಜೊನ್‌ನಲ್ಲಿ ಪ್ರಾಚೀನ ಗಾಯಾ ಅರಸರ ಸಮಾಧಿ ದಿಬ್ಬಗಳಿವೆ. ರೋಮನ್ ಗಾಜಿನ ಬಟ್ಟಲೊಂದು ಸಿಕ್ಕಿದ ಆ ಜಾಗ 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ಹೊಸಬರು ಎಡವುವುದು ಹೇಯಿನ್‌ಸಾಗೆ ಹೋಗುವ ದಾರಿಯ ವಿಷಯದಲ್ಲೇ. ಹೇಯಿನ್‌ಸಾ ಹಪ್‌ಚೊನ್ ಜಿಲ್ಲೆಯಲ್ಲಿದೆ ಎಂದು ಓದಿ ಹಪ್‌ಚೊನ್ ಪಟ್ಟಣಕ್ಕೆ ಬಸ್ ಹಿಡಿದರೆ, ಅಲ್ಲಿಂದ ಮತ್ತೆ ಬೆಟ್ಟದ ದಾರಿಯಲ್ಲಿ ಉತ್ತರಕ್ಕೆ ಬಹುದೂರ ಹೋಗಬೇಕು. ಸರಿಯಾದ ದಾರಿ ದೇಗು ನಗರದ ಪಶ್ಚಿಮ ಬಸ್ ನಿಲ್ದಾಣದಿಂದ. ಅಲ್ಲಿಂದ ಹೇಯಿನ್‌ಸಾಗೆ ನೇರ ಬಸ್ಸಿದೆ, ಸುಮಾರು ಒಂದೂವರೆ ಗಂಟೆಯ ಪಯಣ. ರಾಜಧಾನಿ ಸೋಲ್ ಕಡೆಯಿಂದ ಬರುವ ಕನ್ನಡಿಗರು ವೇಗದ ರೈಲಿನಲ್ಲಿ ದೇಗುವಿನ ದೊಂಗ್‌ದೇಗು ರೈಲು ನಿಲ್ದಾಣಕ್ಕೆ ಬಂದು, ಅಲ್ಲಿಂದ ಮೆಟ್ರೊದ ಮೊದಲನೇ ಲೈನ್ ಹಿಡಿದು ಆ ಬಸ್ ನಿಲ್ದಾಣ ತಲುಪಬಹುದು. ಸಂಜೆಯ ಕೊನೆಯ ಬಸ್ಸಿನ ಹೊತ್ತನ್ನು ಇಳಿದ ಕೂಡಲೇ ಕೇಳಿ ಗುರುತು ಹಾಕಿಕೊಳ್ಳಿ. ಬೆಟ್ಟದಲ್ಲಿ ಬೇಗ ಕತ್ತಲಾಗುತ್ತದೆ.

ಕಾಲಲ್ಲಿ ಕಸುವಿದ್ದವರು ಗುಡಿಯವರೆಗೂ ಬಸ್ಸಿನಲ್ಲಿ ಹೋಗದೆ ಕೆಳಗೇ ಇಳಿದು, ಹೊಂಗ್ನ್ಯುದೊಂಗ್ ಕಣಿವೆಯ ‘ಸೊರಿಗಿಲ್’ ಎಂಬ ಕಾಲುದಾರಿ ಹಿಡಿಯಲಿ. ಸುಮಾರು ಆರು ಕಿಲೋಮೀಟರ್ ಏರುದಾರಿ, ಎರಡೂವರೆ ಮೂರು ಗಂಟೆ ಬೇಕು. ದಾರಿಯುದ್ದಕ್ಕೂ ಪಕ್ಕದಲ್ಲಿ ತೊರೆ. ಪ್ರಾಚೀನ ಕೊರಿಯಾದ ಸಿಲ್ಲಾ ರಾಜ್ಯದ ಕಾಲದ ಮಹಾಪಂಡಿತ ಚ್ವೆ ಚಿವೊನ್ ಚೀನಾದಲ್ಲಿ ಓದಿ, ಅಲ್ಲಿ ಅಧಿಕಾರ ನಡೆಸಿ, ತಾಯ್ನಾಡಿಗೆ ಮರಳಿದ ಮೇಲೆ ಆಸ್ಥಾನದ ಬದುಕಿಗೆ ಬೇಸತ್ತು ಕೊನೆಗೆ ಬಂದು ಸೇರಿದ್ದು ಈ ಬೆಟ್ಟವನ್ನು. ಅವನ ನೆನಪಿನ ನೊಂಗ್‌ಸಾನ್‌ಜೊಂಗ್ ಮಂಟಪ ಕಣಿವೆಯಲ್ಲಿದೆ.

ಹೇಯಿನ್‌ಸಾ ಸ್ಥಾಪನೆಯಾದದ್ದು 802ರಲ್ಲಿ, ಸಿಲ್ಲಾ ದೊರೆ ಏಜಾಂಗ್‌ನ ಕಾಲಕ್ಕೆ. ರಾಣಿಯ ಮೈಮೇಲೆ ಮಾಯದ ಹುಣ್ಣೆದ್ದಿತ್ತು. ಸುನುಂಗ್ ಮತ್ತು ಇಜೊಂಗ್ ಎಂಬ ಭಿಕ್ಷುಗಳು ಐದು ಬಣ್ಣದ ದಾರದ ಒಂದು ತುದಿಯನ್ನು ಆ ಹುಣ್ಣಿಗೆ, ಇನ್ನೊಂದನ್ನು ಮರಕ್ಕೆ ತಾಗಿಸಲು ಹೇಳಿದರಂತೆ. ಮರ ಒಣಗಿತು, ರಾಣಿ ಚೇತರಿಸಿಕೊಂಡಳು, ದೊರೆ ಗುಡಿ ಕಟ್ಟಿಸಿಕೊಟ್ಟ ಎಂಬುದು ಐತಿಹ್ಯ. ಮೊದಲ ಬಾಗಿಲು ದಾಟಿ ಮುಂದೆ ನಡೆಯುವಾಗ ದಾರಿಯ ಪಕ್ಕ ಭಾರಿ ಮರವೊಂದರ ಒಣ ಬೊಡ್ಡೆ ಕಾಣುತ್ತದೆ. ಅದು ಗುಡಿಯಷ್ಟೇ ವಯಸ್ಸಿನ ಮರ, 1945ರವರೆಗೆ ಜೀವಂತವಾಗಿತ್ತು ಎನ್ನುತ್ತಾರೆ. ಸತ್ತ ಮೇಲೂ ಅದನ್ನು ಕಿತ್ತುಹಾಕಿಲ್ಲ.

ಬಾಗಿಲುಗಳು ಮೂರು. ಮೊದಲನೆಯದು ಒಂದೇ ಸಾಲು ಕಂಬಗಳ ಮೇಲೆ ನಿಂತ ಇಲ್ಜುಮುನ್, ಎರಡನೆಯದು ದಿಕ್ಪಾಲಕರು ಕಾಯುವ ಬೊಂಗ್‌ಹ್ವಾಂಗ್‌ಮುನ್, ಮೂರನೆಯದು ವಿಮೋಚನೆಯ ಬಾಗಿಲಾದ ಹೇತಾಲ್‌ಮುನ್. ಪ್ರತಿಯೊಂದರ ಮುಂದೆಯೂ ನಿಂತು, ಎದೆಯ ಮುಂದೆ ಕೈಮುಗಿದು, ಸೊಂಟ ಬಗ್ಗಿಸಿ ಒಮ್ಮೆ ನಮಿಸಿ ಒಳಹೋಗುವುದು ಪದ್ಧತಿ. ಮುಖ್ಯ ಗುಡಿ ದೇಜೊಕ್‌ಗ್ವಾಂಗ್‌ಜೊನ್‌ನಲ್ಲಿ ವೈರೋಚನ ಬುದ್ಧನ ಪೂಜೆ. ಎದುರಿನ ನಡು ಬಾಗಿಲು ಭಿಕ್ಷುಗಳಿಗೆ ಮೀಸಲು. ಭಕ್ತರು ಪಕ್ಕದ ಬಾಗಿಲಿನಿಂದ ಹೋಗಬೇಕು. ಚಪ್ಪಲಿ ಬಿಟ್ಟು, ಮುಂದಿನ ತುದಿ ಹೊರಗೆ ನೋಡುವಂತೆ ಜೋಡಿಸಿಡಬೇಕು.

ಗುಡಿಯ ಹಿಂದೆ, ಕಡಿದಾದ ಮೆಟ್ಟಿಲುಗಳ ಮೇಲೆ, ಎಲ್ಲಕ್ಕಿಂತ ಎತ್ತರದಲ್ಲಿರುವುದು ಗ್ರಂಥಾಲಯ. ಬುದ್ಧನ ನೆತ್ತಿಗಿಂತಲೂ ಮೇಲೆ ಬುದ್ಧನ ಮಾತನ್ನು ಇರಿಸಿದ್ದಾರೆ. ಈ ಕ್ಷೇತ್ರದ ಭಕ್ತಿಯೆಲ್ಲ ಈ ಒಂದು ಏರ್ಪಾಟಿನಲ್ಲಿದೆ ಎಂದರೂ ಸಲ್ಲುತ್ತದೆ.

ಉತ್ತರದ ಕಿತಾನರ ದಾಳಿಯ ಕಾಲದಲ್ಲಿ, 1011ರಿಂದ, ಆಗ ಕೊರಿಯಾವನ್ನು ಆಳುತ್ತಿದ್ದ ಗೊರ್ಯೊ ರಾಜ್ಯ ಬೌದ್ಧ ಗ್ರಂಥರಾಶಿಯಾದ ಇಡೀ ತ್ರಿಪಿಟಕವನ್ನು ಮರದಲ್ಲಿ ಕೆತ್ತಿಸಲು ತೊಡಗಿತ್ತು. ಆ ಹಲಗೆಗಳನ್ನು 1232ರಲ್ಲಿ ಮಂಗೋಲರು ಸುಟ್ಟರು. ರಾಜಧಾನಿಯನ್ನೇ ಗಾಂಗ್‌ಹ್ವಾ ದ್ವೀಪಕ್ಕೆ ಸಾಗಿಸಿ, ನಾಡೆಲ್ಲ ಸುಲಿಗೆಯಾಗುತ್ತಿದ್ದ ಹೊತ್ತಿನಲ್ಲಿ ಗೊರ್ಯೊ ಜನ ಮತ್ತೊಮ್ಮೆ ಸಂಕಲ್ಪ ಮಾಡಿದರು. 1236ರಿಂದ 1251ರವರೆಗೆ ಕೆಲಸ ನಡೆಯಿತು. 80,000ಕ್ಕೂ ಹೆಚ್ಚು ಹಲಗೆಗಳು, ಎರಡೂ ಮುಖಕ್ಕೆ ಕೆತ್ತನೆ, ಒಟ್ಟು ಸುಮಾರು 5.2 ಕೋಟಿ ಅಕ್ಷರ. ಒಂದೊಂದು ಅಕ್ಷರ ಕೆತ್ತುವಾಗಲೂ ಮೂರು ಬಾರಿ ನಮಸ್ಕರಿಸುತ್ತಿದ್ದರು ಎಂಬ ಮಾತಿದೆ. ಅಕ್ಷರಗಳ ಹದ ನೋಡಿದರೆ ಆ ಮಾತನ್ನು ತಳ್ಳಿಹಾಕಲು ಮನಸ್ಸಾಗುವುದಿಲ್ಲ. ಅಷ್ಟು ಕೈಗಳು ಕೆತ್ತಿದ್ದರೂ ಎಲ್ಲ ಒಬ್ಬನ ಬರಹದಂತೆ ಕಾಣುತ್ತದೆ.

ಒಂದು ಹಲಗೆಯನ್ನೇ ಹತ್ತಿರದಿಂದ ನೋಡೋಣ. ಉದ್ದ ಸುಮಾರು 70 ಸೆಂಟಿಮೀಟರ್, ಅಗಲ 24, ದಪ್ಪ ಮೂರು ಸೆಂಟಿಮೀಟರಿನ ಆಸುಪಾಸು, ತೂಕ ಮೂರರಿಂದ ನಾಲ್ಕು ಕಿಲೋ. ಒಂದು ಮುಖದಲ್ಲಿ 23 ಸಾಲು, ಸಾಲಿಗೆ 14 ಅಕ್ಷರ. ಹೆಚ್ಚಿನವು ಕಾಡು ಚೆರ್ರಿ ಮತ್ತು ಕಾಡು ಪೇರ್ ಮರದವು. ಹಸಿ ಮರವನ್ನು ಹಾಗೆಯೇ ಕೆತ್ತಿದರೆ ಒಣಗುವಾಗ ಸೀಳುತ್ತದೆ, ಹುಳು ಹಿಡಿಯುತ್ತದೆ. ಅದಕ್ಕೆ ದಿಮ್ಮಿಗಳನ್ನು ಬಹುಕಾಲ ಸಮುದ್ರದ ನೀರಿನಲ್ಲಿ ನೆನೆಹಾಕಿ, ಹಲಗೆ ಕೊಯ್ದು, ಉಪ್ಪುನೀರಿನಲ್ಲಿ ಬೇಯಿಸಿ, ನೆರಳಿನಲ್ಲಿ ಒಣಗಿಸಿದರು ಎಂದು ಪರಂಪರೆ ಹೇಳುತ್ತದೆ. ಆಮೇಲೆ ಬರೆದ ಕಾಗದವನ್ನು ಬೋರಲಾಗಿ ಅಂಟಿಸಿ ಅಕ್ಷರ ಉಬ್ಬುವಂತೆ ಕೆತ್ತನೆ. ಅಕ್ಷರ ತಪ್ಪಿದರೆ ಹಲಗೆಯನ್ನು ಎಸೆಯುತ್ತಿರಲಿಲ್ಲ; ಆ ಜಾಗವನ್ನಷ್ಟೇ ಕೊರೆದು, ಸರಿಯಾದ ಅಕ್ಷರದ ಮರದ ತುಣುಕನ್ನು ಕೂರಿಸುತ್ತಿದ್ದರು. ಕೊನೆಗೆ ಮರದ ಅರಗಿನ ಲೇಪ. ಎರಡು ತುದಿಗೂ ಹಲಗೆಗಿಂತ ದಪ್ಪನಾದ ಮರದ ಪಟ್ಟಿ, ಮೂಲೆಗಳಿಗೆ ಲೋಹದ ತಗಡು. ಆ ಪಟ್ಟಿ ಹಲಗೆ ಬಾಗದಂತೆ ಬಿಗಿಹಿಡಿಯುತ್ತದೆ, ಜೊತೆಗೆ ಹಲಗೆಗಳನ್ನು ಒತ್ತೊತ್ತಾಗಿ ನಿಲ್ಲಿಸಿದಾಗಲೂ ಕೆತ್ತಿದ ಮುಖಗಳ ನಡುವೆ ಗಾಳಿ ಮೇಲೇರಲು ಸಂದು ಉಳಿಸುತ್ತದೆ.

ಕೆತ್ತನೆಗಿಂತ ಮುಂಚಿನ ಕೆಲಸವೂ ಅಷ್ಟೇ ದೊಡ್ಡದು. ಸುಗಿ ಎಂಬ ಭಿಕ್ಷುವಿನ ಮುಂದಾಳ್ತನದಲ್ಲಿ ಸೋಂಗ್ ಚೀನಾದ, ಕಿತಾನರ ಮತ್ತು ಹಳೆಯ ಗೊರ್ಯೊ ಪಾಠಗಳನ್ನು ಸಾಲಿಗೆ ಸಾಲು ಹೋಲಿಸಿ, ತಪ್ಪು ತಿದ್ದಿ, ಆ ತಿದ್ದುಪಡಿಗಳನ್ನೇ 30 ಸಂಪುಟಗಳಲ್ಲಿ ದಾಖಲಿಸಿದರು. ಇಪ್ಪತ್ತನೇ ಶತಮಾನದಲ್ಲಿ ಜಪಾನಿನಲ್ಲಿ ಅಚ್ಚಾದ, ವಿದ್ವಾಂಸರು ಇಂದಿಗೂ ಬಳಸುವ ಚೀನೀ ತ್ರಿಪಿಟಕಕ್ಕೂ ಆಧಾರವಾದದ್ದು ಈ ಪಾಠವೇ.

1398ರಲ್ಲಿ ಹಲಗೆಗಳು ಗಾಂಗ್‌ಹ್ವಾದಿಂದ ಹೊರಟು ಹೇಯಿನ್‌ಸಾ ಸೇರಿದವು. ಈಗಿನ ಗ್ರಂಥಾಲಯ ಹದಿನೈದನೇ ಶತಮಾನದ್ದು. ಹೊರನೋಟಕ್ಕೆ ಬಣ್ಣವಿಲ್ಲದ, ಕಣಜದಂಥ ಕಟ್ಟಡ. ಮುಂದೆ ಸುದಾರಾಜಾಂಗ್, ಹಿಂದೆ ಬೊಪ್‌ಬೊಜೊನ್, ಎರಡೂ ಸುಮಾರು 60 ಮೀಟರ್ ಉದ್ದ. ಪೂರ್ವ ಪಶ್ಚಿಮಕ್ಕೆ ಎರಡು ಚಿಕ್ಕ ಕಟ್ಟಡಗಳು. ಗೋಡೆಯ ಕಿಟಕಿಗಳನ್ನು ಗಮನಿಸಿ. ಮುಂಗೋಡೆಯಲ್ಲಿ ಕೆಳಗಿನ ಕಿಟಕಿ ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ದೊಡ್ಡದು. ಹಿಂಗೋಡೆಯಲ್ಲಿ ತಿರುಗುಮುರುಗು, ಮೇಲಿನದೇ ಒಂದೂವರೆ ಪಟ್ಟು ದೊಡ್ಡದು. ಕಣಿವೆಯಿಂದ ಬಂದ ಗಾಳಿ ಕೆಳಗಿನಿಂದ ನುಗ್ಗಿ, ಒಳಗೆಲ್ಲ ಸುತ್ತಾಡಿ, ಹಿಂದೆ ಮೇಲಿನಿಂದ ಹೊರಬೀಳುತ್ತದೆ. ನೆಲಕ್ಕೆ ಇದ್ದಿಲು, ಉಪ್ಪು, ಸುಣ್ಣ, ಮರಳು, ಜೇಡಿಮಣ್ಣು ಬೆರೆಸಿ ಬಡಿದಿದ್ದಾರೆ. ಮಳೆಗಾಲದಲ್ಲಿ ತೇವ ಹೀರುತ್ತದೆ, ಒಣಹವೆಯಲ್ಲಿ ಬಿಟ್ಟುಕೊಡುತ್ತದೆ. 1970ರ ದಶಕದಲ್ಲಿ ಕಾಂಕ್ರೀಟಿನ ಹೊಸ ಭಂಡಾರ ಕಟ್ಟಿ ಕೆಲವು ಹಲಗೆಗಳನ್ನು ಇಟ್ಟು ನೋಡಿದಾಗ ಅವು ಕೆಡತೊಡಗಿದವು. ಹಳೆಯ ಮನೆಯೇ ಮೇಲು ಎಂದು ಅವನ್ನು ಅಲ್ಲಿಗೇ ತಂದರು.

1817ರಲ್ಲಿ ದೊಡ್ಡ ಬೆಂಕಿ ಬಿದ್ದು ಗುಡಿಯ ಕಟ್ಟಡಗಳು ಉರಿದಾಗಲೂ ಗ್ರಂಥಾಲಯ ಉಳಿಯಿತು. 1951ರಲ್ಲಿ, ಕೊರಿಯಾ ಯುದ್ಧದ ನಡುವೆ, ಬೆಟ್ಟದಲ್ಲಿ ಅಡಗಿದ್ದ ಗೆರಿಲ್ಲಾಗಳ ಮೇಲೆ ಬಾಂಬ್ ಹಾಕಲು ಆಜ್ಞೆಯಾಗಿತ್ತು. ವಿಮಾನದಳದ ನಾಯಕ ಕಿಮ್ ಯೊಂಗ್‌ಹ್ವಾನ್ ಕೆಳಗೆ ಹೇಯಿನ್‌ಸಾ ಕಂಡು ಬಾಂಬ್ ಬೀಳಿಸಲು ಒಪ್ಪಲಿಲ್ಲ. ಕೆತ್ತಿದವರಷ್ಟೇ ಪುಣ್ಯ ಕೈ ತಡೆದ ಈ ಮನುಷ್ಯನಿಗೂ ಸಲ್ಲಬೇಕು. ಕಟ್ಟಡ 1995ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ, ಹಲಗೆಗಳು 2007ರಲ್ಲಿ ವಿಶ್ವಸ್ಮೃತಿಯ ಪಟ್ಟಿಗೆ ಸೇರಿದವು.

ಒಳಗೆ ಹೋಗಲು ಮುಂಗಡ ಕಾಯ್ದಿರಿಸಬೇಕು. ಆ ಅವಕಾಶ 2021ರಿಂದ ವಾರಾಂತ್ಯಗಳಲ್ಲಿ, ಸಣ್ಣ ಗುಂಪುಗಳಿಗೆ ಮಾತ್ರ ಸಿಗುತ್ತಿದೆ. ಉಳಿದವರಿಗೆ ಕಿಟಕಿಯ ಮರದ ಸರಳುಗಳ ಸಂದಿನಿಂದ ದರ್ಶನ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಒಂದೆರಡು ನಿಮಿಷ ಬೇಕು. ಅಷ್ಟು ತಾಳ್ಮೆಯಿಲ್ಲದೆ ಏನೂ ಕಾಣಲಿಲ್ಲವೆಂದು ಹಿಂದಿರುಗುವವರು ಬಹಳ. ಒಳಗೆ ಫೋಟೊ ತೆಗೆಯುವಂತಿಲ್ಲ.

ಕೆಳಗಿನ ಅಂಗಳದಲ್ಲಿ ನೆಲದ ಮೇಲೆ ಸುತ್ತುಸುತ್ತಾದ ದಾರಿಯೊಂದಿದೆ, ಹೇಯಿಂದೊ. ಏಳನೇ ಶತಮಾನದ ಆಚಾರ್ಯ ಉಯ್‌ಸಾಂಗ್ ಅವತಂಸಕ ಸೂತ್ರದ ಸಾರವನ್ನು 210 ಅಕ್ಷರಗಳಲ್ಲಿ ಇಳಿಸಿ, 54 ತಿರುವುಗಳ ಒಂದೇ ಎಳೆಯಾಗಿ ಬರೆದ ಮಂಡಲ ಅದು. ಕೈಮುಗಿದು, ಮೆಲ್ಲಗೆ ಜಪಿಸುತ್ತಾ, ಒಂದು ತಿರುವನ್ನೂ ಬಿಡದೆ ನಡೆಯಬೇಕು. ಗೆರೆ ದಾಟಿ ಅಡ್ಡ ಹಾಯಬಾರದು. ಚಾಂದ್ರಮಾನದ ಮೂರನೇ ತಿಂಗಳಿನಲ್ಲಿ ನಡೆಯುವ ಉತ್ಸವದಲ್ಲಿ ಭಕ್ತರು ಧರ್ಮಗ್ರಂಥವನ್ನು ತಲೆಯ ಮೇಲೆ ಹೊತ್ತು ಇದೇ ದಾರಿಯನ್ನು ಸುತ್ತುತ್ತಾರೆ. ಗಾಂಗ್‌ಹ್ವಾದಿಂದ ಹಲಗೆಗಳು ಬಂದ ಮೆರವಣಿಗೆಯ ಸ್ಮರಣೆ ಅದು.

ಸಂಜೆಯ ಪೂಜೆಯವರೆಗೆ ಉಳಿಯಿರಿ, ಸಾಧ್ಯವಾದರೆ ರಾತ್ರಿ ಮಠದಲ್ಲೇ ತಂಗಿ ಬೆಳಗಿನ ಜಾವದ ಪೂಜೆಗೂ ಏಳಿ. ಮೊದಲು ನಾಲ್ಕು ವಾದ್ಯ: ಭೂಮಿಯ ಮೇಲಿನ ಪ್ರಾಣಿಗಳಿಗಾಗಿ ನಗಾರಿ, ಜಲಚರಗಳಿಗಾಗಿ ಮರದ ಮೀನು, ಹಕ್ಕಿಗಳಿಗಾಗಿ ಮೋಡದಾಕಾರದ ಜಾಗಟೆ, ನರಕದಲ್ಲಿ ನರಳುವವರಿಗಾಗಿ ಘಂಟೆ. ಪೂಜೆಯಲ್ಲಿ ಪ್ರಜ್ಞಾಪಾರಮಿತಾ ಹೃದಯಸೂತ್ರದ ಪಠಣ ಬಂದಾಗ ಕೊನೆಯ ಸಾಲಿಗೆ ಕಿವಿಗೊಡಿ. ‘ಆಜೆ ಆಜೆ ಬಾರಾಜೆ ಬಾರಾಸುಂಗಾಜೆ ಮೋಜಿ ಸಾಬಾಹಾ’ ಎಂದು ಕೇಳುವುದು ನಮ್ಮ ‘ಗತೇ ಗತೇ ಪಾರಗತೇ ಪಾರಸಂಗತೇ ಬೋಧಿ ಸ್ವಾಹಾ’ ಮಂತ್ರವೇ.

ಇಲ್ಲಿನ ಹರಕೆಯೆಂದರೆ ನಮಸ್ಕಾರದ ಹರಕೆ. 108, 1,000, 3,000. ಇದೇ ಬೆಟ್ಟದ ಬೆಂಗ್ನ್ಯೊನಾಮ್ ಆಶ್ರಮದಲ್ಲಿದ್ದ ಸೊಂಗ್‌ಚೊಲ್ ಸ್ವಾಮಿಗಳು (1912–1993) ತಮ್ಮನ್ನು ಕಾಣಬಂದವರಿಗೆ, ಎಂಥ ದೊಡ್ಡವರಿಗೂ, ಮೊದಲು ಬುದ್ಧನಿಗೆ 3,000 ನಮಸ್ಕಾರ ಮಾಡಿ ಬನ್ನಿ ಎನ್ನುತ್ತಿದ್ದರು. ತನಗಾಗಿ ಬೇಡದೆ ಪರರಿಗಾಗಿ ಪ್ರಾರ್ಥಿಸು ಎಂಬುದು ಅವರ ಉಪದೇಶ.

ಕ್ರಮ ಹೀಗೆ. ಕೈಮುಗಿದು ನಿಂತು, ಬೆನ್ನು ನೆಟ್ಟಗಿಟ್ಟುಕೊಂಡು ಎರಡೂ ಮಂಡಿ ಊರಬೇಕು. ಮೊದಲು ಬಲಗೈ, ಆಮೇಲೆ ಎಡಗೈ ನೆಲಕ್ಕೆ. ಎಡಪಾದ ಬಲಪಾದದ ಮೇಲೆ. ಕುಂಡೆ ಹಿಮ್ಮಡಿಗೆ ತಾಗುವಂತೆ ಕೂತು, ಹಣೆಯನ್ನು ನೆಲಕ್ಕಿಡಬೇಕು. ಅಂಗೈಗಳನ್ನು ಮೇಲ್ಮುಖವಾಗಿಸಿ ಕಿವಿಯ ಮಟ್ಟಕ್ಕೆ ಎತ್ತುವುದು, ಬುದ್ಧನ ಪಾದವನ್ನು ಕೈಯಲ್ಲಿ ಧರಿಸಿದ ಭಾವದಿಂದ. ಏಳುವಾಗ ಮೊದಲು ಎಡಗೈ ತೆಗೆದು, ಕೈ ಜೋಡಿಸಿ, ತೊಡೆಯ ಬಲದ ಮೇಲೆ ಏಳಬೇಕು. ಕೊನೆಯ ನಮಸ್ಕಾರದಲ್ಲಿ ತಲೆಯನ್ನು ತುಸು ಎತ್ತಿ ಕೈಮುಗಿದು, ಮತ್ತೊಮ್ಮೆ ಹಣೆ ತಾಗಿಸಿ ಮುಗಿಸುತ್ತಾರೆ.

108ಕ್ಕೆ ಇಪ್ಪತ್ತು ನಿಮಿಷ ಸಾಕು. 3,000ಕ್ಕೆ ವಿರಾಮ ಸೇರಿ ಎಂಟು ಹತ್ತು ಗಂಟೆ, ರಾತ್ರಿಯಿಡೀ. ಹರಕೆ ಮುರಿಯುವುದು ಸಾಮಾನ್ಯವಾಗಿ ಮೊದಲ ಗಂಟೆಯ ಉತ್ಸಾಹದಿಂದ. ಮಂಡಿಯನ್ನು ಧೊಪ್ಪನೆ ಊರಿದರೆ ಕೆಲವು ನೂರರಲ್ಲೇ ಬಾತುಕೊಳ್ಳುತ್ತದೆ. ಕೈ ಒತ್ತಿ ಎದ್ದರೆ ಮಣಿಕಟ್ಟು ಹೋಗುತ್ತದೆ. ಉಸಿರು ಹಿಡಿದರೆ ತಲೆ ಸುತ್ತುತ್ತದೆ. ಬಗ್ಗುವಾಗ ಉಸಿರು ಬಿಡಿ, ಏಳುವಾಗ ಎಳೆದುಕೊಳ್ಳಿ. ದಪ್ಪ ಆಸನ, ಸಡಿಲ ಬಟ್ಟೆ, ಗುಟುಕು ಗುಟುಕಾಗಿ ನೀರು. ಕೆಲವು ವಾರ ಮನೆಯಲ್ಲೇ ದಿನಕ್ಕೆ 108 ಮಾಡಿ ಮೈ ಹದಗೊಳಿಸಿಕೊಂಡೇ ಹೋಗಿ. ಮಂಡಿ ನೋವಿರುವವರು ನಿಂತೇ ಸೊಂಟ ಬಗ್ಗಿಸಿ ನಮಿಸಿದರೂ ಸಲ್ಲುತ್ತದೆ.

ಊಟದ ಮಾತು. ಮಠದ ಅಡುಗೆಯಲ್ಲಿ ಮಾಂಸ, ಮೀನು, ಬೆಳ್ಳುಳ್ಳಿ, ಈರುಳ್ಳಿ ಇಲ್ಲ. ನಮ್ಮ ಸಸ್ಯಾಹಾರಿಗಳು ನಿಶ್ಚಿಂತೆಯಿಂದ ಉಣ್ಣಬಹುದು, ಬಡಿಸಿಕೊಂಡದ್ದನ್ನು ಒಂದು ಅಗುಳೂ ಬಿಡಬಾರದು. ಕೆಳಗಿನ ಹೋಟೆಲುಗಳ ಬೆಟ್ಟದ ಸೊಪ್ಪಿನ ಊಟ ಚೆನ್ನ, ಆದರೆ ಅಲ್ಲಿಯ ಕಿಮ್ಚಿಯಲ್ಲಿ ಸಾಮಾನ್ಯವಾಗಿ ಹುಳಿಬರಿಸಿದ ಮೀನು ಅಥವಾ ಸೀಗಡಿ ಇರುತ್ತದೆ.

ಇನ್ನೊಂದು ದಿನವಿದ್ದರೆ ಹಪ್‌ಚೊನ್ ಪಟ್ಟಣಕ್ಕೆ ಹೋಗಿ. ಹೊಳೆದಂಡೆಯ ದೇಯಾಸೊಂಗ್ ಕೋಟೆ 642ರಲ್ಲಿ ಸಿಲ್ಲಾದ ಕೈತಪ್ಪಿ ನೆರೆಯ ಬೆಕ್ಜೆ ರಾಜ್ಯದ ಸೇನೆಗೆ ಬಿತ್ತು. ಮುಂದೆ ಸಿಲ್ಲಾದ ದೊರೆಯಾದ ಕಿಮ್ ಚುಂಚುವಿನ ಮಗಳು, ಅಳಿಯ ಅಲ್ಲೇ ಸತ್ತರು. ಆ ಸಂಕಟ ಅವನನ್ನು ಚೀನಾದ ತಾಂಗ್ ದೊರೆಯ ನೆರವಿನತ್ತ ಒಯ್ದಿತು, ಮುಂದೆ ಕೊರಿಯಾದ ಚರಿತ್ರೆಯೇ ಬದಲಾಯಿತು. ಸತ್ತವರ ಸದ್ಗತಿಗಾಗಿ ಮರುವರ್ಷ ಕಟ್ಟಿದ್ದೆಂದು ಹೇಳುವ ಯೊನ್‌ಹೊಸಾ ಗುಡಿ ಬಂಡೆಯ ಬುಡದಲ್ಲಿದೆ. ಪಕ್ಕದಲ್ಲಿ 1321ರಲ್ಲಿ ಮೊದಲು ಕಟ್ಟಿದ ಹಾಂಬ್ಯೊಂಗ್ನು ಮಂಟಪ; ಅದರ ಸೂರಿನ ಮಳೆನೀರು ನೇರವಾಗಿ ಹೊಳೆಗೇ ಬೀಳುತ್ತದೆ. ಹಿರೋಷಿಮಾದಲ್ಲಿ ದುಡಿಯಲು ಹೋಗಿ ಅಣುಬಾಂಬಿಗೆ ಸಿಕ್ಕ ಕೊರಿಯನ್ನರಲ್ಲಿ ಈ ಜಿಲ್ಲೆಯವರು ಬಹಳ ಮಂದಿ. ಆಗಸ್ಟ್ 6ರಂದು ಇಲ್ಲಿ ಅವರಿಗಾಗಿ ಸ್ಮರಣೆ ನಡೆಯುತ್ತದೆ.

ಅಲ್ಲಿಂದ ನೈಋತ್ಯಕ್ಕೆ, ಹ್ವಾಂಗ್‌ಮೇಸಾನ್ ತಪ್ಪಲಿನಲ್ಲಿ, ಯೊಂಗಾಮ್‌ಸಾ ಗುಡಿಯ ಅವಶೇಷಗಳಿವೆ. ಬಸ್ಸು ಅಪರೂಪ, ಟ್ಯಾಕ್ಸಿ ಮಾಡಿಕೊಳ್ಳುವುದೇ ಲೇಸು. ಎರಡು ಸಿಂಹಗಳು ಎದೆಗೆ ಎದೆ ಕೊಟ್ಟು ಹಿಂಗಾಲಲ್ಲಿ ನಿಂತು ಎತ್ತಿಹಿಡಿದ ಕಲ್ಲಿನ ದೀಪ ಅಲ್ಲಿಯದು. 1933ರಲ್ಲಿ ಜಪಾನೀಯರು ಅದನ್ನು ಸಾಗಿಸಲು ನೋಡಿದಾಗ ಹಳ್ಳಿಯವರು ಅಡ್ಡ ನಿಂತು ಬಿಡಿಸಿಕೊಂಡರು, ಊರಿನ ಕಚೇರಿಯಲ್ಲಿಟ್ಟು ಕಾಯ್ದರು, 1959ರಲ್ಲಿ ಮೂಲ ಜಾಗಕ್ಕೆ ತಂದು ನಿಲ್ಲಿಸಿದರು. ದೀಪವಿರುವ ಕಟ್ಟೆಯ ಎರಡೂ ಬದಿಗೆ ಕಮಾನಿನಂತೆ ಬಾಗಿದ ಕಲ್ಲಿನ ಮೆಟ್ಟಿಲು. ಮೆಟ್ಟಿಲುಗಳು ಪಾದದ ಅರ್ಧವೂ ಹಿಡಿಸದಷ್ಟು ಕಿರಿದು, ನೇರ ಹತ್ತಿದರೆ ಜಾರುತ್ತದೆ. ಪಾದವನ್ನು ಓರೆಯಾಗಿಟ್ಟು, ಮೈ ಬಗ್ಗಿಸಿ, ಒಂದೊಂದೇ ಹೆಜ್ಜೆ ಏರಬೇಕು. ಮಳೆ ಬಂದ ದಿನ ಕೆಳಗಿನಿಂದಲೇ ಕೈಮುಗಿಯಿರಿ.