17 ಹೋಗಿ 18456 ಬಂತು

ಕೋಲಾರದ ಎಪಿಎಂಸಿಯಲ್ಲಿ ಜುಲೈ ಅಂದರೆ ಟೊಮೆಟೊ ಬಾಕ್ಸ್‌ಗಳ ಸಂದಿಯಲ್ಲಿ ನುಸುಳಿಕೊಂಡೇ ನಡೆಯಬೇಕು. ಅಲ್ಲಿನ ಒಂದು ಮಂಡಿಯಲ್ಲಿ ಹರಾಜು ಮುಗಿದಿತ್ತು, ಬಿಲ್ ಎಂಟ್ರಿಯೂ ನಡೆಯುತ್ತಿತ್ತು. ರೈತರ ಲೆಕ್ಕದ ಪಟ್ಟಿ ಮಾತ್ರ ಪ್ರಿಂಟ್ ಆಗುತ್ತಿರಲಿಲ್ಲ, ಅದಕ್ಕೇ ನನ್ನನ್ನು ಕರೆಸಿದ್ದರು. ಪಟ್ಟಿ ಬರುವುದು ಡೇಟಾಬೇಸಿನಿಂದ ರಿಪೋರ್ಟ್ ತಯಾರಿಸುವ ಕ್ರಿಸ್ಟಲ್ ರಿಪೋರ್ಟ್ಸ್ ಎಂಬ ಸಾಫ್ಟ್‌ವೇರ್‌ನಿಂದ. ತೆರೆದರೆ 'ಲಾಗಾನ್ ಫೇಲ್ಡ್'.

"ಪಾಸ್‌ವರ್ಡ್ ಹಾಳಾಗಿದೆ ಅಂತ ನಾನೇ ಹೊಸದು ಹಾಕ್ದೆ ಸಾರ್. ಆದ್ರೂ ಬರ್ತಿಲ್ಲ," ಎಂದ ಲೆಕ್ಕ ಬರೆಯುವ ಹುಡುಗ.

ಈ ಸಂದೇಶದ ಮೇಲೆ ನನಗೆ ಹಳೆಯ ಸಿಟ್ಟಿದೆ. ಸರ್ವರ್ ಸಿಗದಿದ್ದರೂ ಅದೇ, ಪಾಸ್‌ವರ್ಡ್ ತಪ್ಪಿದರೂ ಅದೇ. ನಿಜ ಇರುವುದು ಕೊನೆಯ 'ಡೇಟಾಬೇಸ್ ವೆಂಡರ್ ಕೋಡ್' ಎಂಬಲ್ಲಿ. ಇಲ್ಲಿದ್ದದ್ದು 17. ಅಂದರೆ ಲೆಕ್ಕದ ಡೇಟಾ ಇಟ್ಟುಕೊಂಡಿರುವ ಎಸ್‌ಕ್ಯೂಎಲ್ ಸರ್ವರ್ ಸಿಕ್ಕೇ ಇಲ್ಲ, ಪಾಸ್‌ವರ್ಡಿನ ಮಾತೇ ಬಂದಿಲ್ಲ.

ಬಿಲ್ ಎಂಟ್ರಿ ಸರ್ವರ್ ಇರುವ ಕಂಪ್ಯೂಟರಿನಲ್ಲೇ ವಿಂಡೋಸ್ ಲಾಗಿನ್‌ನಿಂದ ನಡೆಯುತ್ತಿತ್ತು, ಅದಕ್ಕೆ ನೆಟ್‌ವರ್ಕಿನ ಹಂಗಿಲ್ಲ. ಪಟ್ಟಿ ತೆಗೆಯುವುದು ಪಕ್ಕದ ಕಂಪ್ಯೂಟರಿನಲ್ಲಿ. ಅಲ್ಲಿಂದ ವಿಂಡೋಸಿನ ಪವರ್‌ಶೆಲ್‌ನಲ್ಲಿ ಆಜ್ಞೆ ಕೊಟ್ಟು, ಎಸ್‌ಕ್ಯೂಎಲ್ ಸರ್ವರಿನ ಬಾಗಿಲಾದ 1433ನೇ ಪೋರ್ಟ್ ಪರೀಕ್ಷಿಸಿದೆ: 'ಫಾಲ್ಸ್', ಅಂದರೆ ಸಂಪರ್ಕ ಆಗಲಿಲ್ಲ.

"ನಿನ್ನೆ ಏನಾದ್ರೂ ಬದಲಾಯಿಸಿದ್ರಾ ಅಣ್ಣ?"

"ಏನಿಲ್ಲ ಸಾರ್," ಎಂದರು ಮಂಡಿ ಯಜಮಾನರು, "ಹೊಸ ವೈಫೈ ಹಾಕ್ಸಿದ್ವಿ, ಅಷ್ಟೇ."

ಅಷ್ಟೇ ಸಾಕಿತ್ತು. ರೂಟರ್ ಬದಲಾದದ್ದರಿಂದ ವಿಂಡೋಸ್ ಅದನ್ನು ಹೊಸ ನೆಟ್‌ವರ್ಕ್ ಎಂದು ಬಗೆದು 'ಪಬ್ಲಿಕ್', ಅಂದರೆ ನಂಬಲಾಗದ್ದು, ಎಂಬ ಪಟ್ಟ ಕಟ್ಟಿತ್ತು. ಹೊರಗಿನ ಸಂಪರ್ಕ ತಡೆಯುವ ಫೈರ್‌ವಾಲ್‌ನಲ್ಲಿ 1433ಕ್ಕೆ ಅನುಮತಿ ಇದ್ದದ್ದು 'ಪ್ರೈವೇಟ್' ನೆಟ್‌ವರ್ಕಿಗೆ ಮಾತ್ರ. ಸರ್ವರಿನಲ್ಲಿ ಅದನ್ನು ಪ್ರೈವೇಟ್ ಮಾಡಿ ರಿಪೋರ್ಟ್ ತೆರೆದೆ.

ಮತ್ತೆ 'ಲಾಗಾನ್ ಫೇಲ್ಡ್'. ಯಜಮಾನರು ತಲೆ ಮೇಲೆ ಕೈ ಹೊತ್ತರು. ನನಗೋ ಖುಷಿ! ಕೋಡ್ ಈಗ 18456. ಸರ್ವರ್ ಸಿಕ್ಕಿದೆ, ಬೇಡ ಅನ್ನುತ್ತಿರುವುದು ಅದೇ. ಯಾಕೆ ಬೇಡ ಎಂದು ಅದು ಹೊರಗಿನವರಿಗೆ ಬಾಯಿಬಿಡುವುದಿಲ್ಲ. ಭದ್ರತೆಗಾಗಿ ಎಲ್ಲರಿಗೂ 'ಸ್ಟೇಟ್ 1' ಎಂದು ಹೇಳಿ, ನಿಜವಾದ ಕಾರಣವನ್ನು ತನ್ನ ಎರರ್‌ಲಾಗ್‌ನಲ್ಲಿ ಬರೆದಿಟ್ಟುಕೊಳ್ಳುತ್ತದೆ. ತೆಗೆದು ನೋಡಿದರೆ 'ಸ್ಟೇಟ್ 8': ಪಾಸ್‌ವರ್ಡ್ ತಪ್ಪು. ಹುಡುಗ ಬದಲಿಸಿದ್ದು ಸರ್ವರಿನ ಮೇಲೆ ಪೂರ್ತಿ ಅಧಿಕಾರವಿರುವ 'ಎಸ್‌ಎ' ಲಾಗಿನ್‌ನ ಪಾಸ್‌ವರ್ಡ್. ರಿಪೋರ್ಟು ಹಳೆಯದನ್ನೇ ಕೊಡುತ್ತಿತ್ತು.

ಹಳೆಯದನ್ನೇ ಮತ್ತೆ ಹಾಕಿದ್ದರೂ ಕೆಲಸ ಆಗುತ್ತಿತ್ತು. ಆದರೆ ಬರೀ ಪಟ್ಟಿ ತೆಗೆಯಲು ಇಡೀ ಸರ್ವರಿನ ಯಜಮಾನಿಕೆ ಯಾಕೆ? ಡೇಟಾ ಓದಲಷ್ಟೇ ಬರುವ ಬೇರೆ ಲಾಗಿನ್ ಮಾಡಿ, ರಿಪೋರ್ಟುಗಳಿಗೆ ಅದನ್ನೇ ಕೊಟ್ಟೆ.

ಪ್ರಿಂಟರ್ ಓಡತೊಡಗಿತು. ಮೊದಲ ಪಟ್ಟಿ ಹಿಡಿದ ಮುಳಬಾಗಿಲಿನ ರೈತರೊಬ್ಬರು, "ಎರಡು ಬಾಕ್ಸ್ ಕಮ್ಮಿ ಬಂದಿದೆಯಲ್ಲ?" ಎಂದರು. ಅದು ಕನೆಕ್ಷನ್ ತಪ್ಪಲ್ಲ, ಎಂಟ್ರಿ ತಪ್ಪು. ನಾನು ಬ್ಯಾಗ್ ಎತ್ತಿಕೊಂಡೆ.